ಅಪ್ಪನ ರಿಪೋರ್ಟಿನಲ್ಲಿ ವೈರಸ್ ಅಂತಿದೆ, ತಟ್ಟೆ ಬೇರೆ ಇಡಬೇಕಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಅಪ್ಪನಿಗೆ 61 ವರ್ಷ. ಹೊಟ್ಟೆ ಕ್ಯಾನ್ಸರ್ ಅಂತ ಹೋದ ತಿಂಗಳು ಗೊತ್ತಾಯ್ತು. ಬಯಾಪ್ಸಿ ರಿಪೋರ್ಟಿನ ಕೊನೇ ಸಾಲಲ್ಲಿ ‘ಇಬಿಇಆರ್ ಪಾಸಿಟಿವ್’ ಅಂತಿದೆ. ಅದು ವೈರಸ್ಸು, ಎಂಜಲಿಂದ ಹರಡುತ್ತೆ ಅಂತ ಯಾರೋ ಹೇಳಿದ ಮೇಲೆ ಅಮ್ಮ ಅಪ್ಪನ ತಟ್ಟೆ, ಲೋಟ ಬೇರೆ ಮಾಡಿಬಿಟ್ಟರು. ನನ್ನ ನಾಲ್ಕು ವರ್ಷದ ಮಗಳಿಗೆ ತಾತನ ಕೈತುತ್ತೇ ಬೇಕು. ಈಗ ಅಪ್ಪನೇ ಅವಳನ್ನು ಹತ್ತಿರ ಸೇರಿಸುತ್ತಿಲ್ಲ. ವೈರಸ್‌ನಿಂದ ಕ್ಯಾನ್ಸರ್ ಬರುತ್ತಾ? ಮಗುವಿಗೂ ಅಂಟುತ್ತಾ?

ಉತ್ತರ: ಮೊದಲು ಆ ತಟ್ಟೆಯನ್ನು ಮಿಕ್ಕವುಗಳ ಜೊತೆ ಇಡಮ್ಮ. ಮಗಳನ್ನು ತಾತನ ಪಕ್ಕ ಕೂರಿಸು. ಉಳಿದದ್ದನ್ನು ಆಮೇಲೆ ಓದು.

ರಿಪೋರ್ಟು ಹೇಳುತ್ತಿರುವುದು ಎಪ್‌ಸ್ಟೀನ್-ಬಾರ್ ವೈರಸ್ ಬಗ್ಗೆ. 1964ರಲ್ಲಿ ಉಗಾಂಡಾದ ರೋಗಿಗಳ ಗಡ್ಡೆಯಲ್ಲಿ ಮೊದಲು ಸಿಕ್ಕಿದ್ದು. ಎಂಜಲಿಂದ ಹರಡುತ್ತದೆ ಅನ್ನುವುದು ನಿಜ. ಆದರೆ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ಮೈಯಲ್ಲಿ ಇದು ಆಗಲೇ ಇದೆ. ನನ್ನಲ್ಲೂ ಇದೆ, ನಿಮ್ಮಮ್ಮನಲ್ಲೂ ಇರುತ್ತದೆ. ನಮ್ಮ ಕಡೆ ಬಹಳಷ್ಟು ಮಂದಿಗೆ ಚಿಕ್ಕಂದಿನಲ್ಲೇ, ಒಂದು ಸಣ್ಣ ಜ್ವರದಂತೆಯೋ ಏನೂ ತಿಳಿಯದೆಯೋ ಬಂದು ಸೇರಿಕೊಂಡು, ಸಾಯುವ ತನಕ ಸುಮ್ಮನೆ ಕೂತಿರುತ್ತದೆ.

ಅಪರೂಪಕ್ಕೆ ಅದು ಜಠರದ ಒಳಪದರದ ಒಂದು ಜೀವಕೋಶಕ್ಕೆ ಹೊಕ್ಕು, ಬೆಳವಣಿಗೆಗೆ ಕಡಿವಾಣ ಹಾಕುವ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ಗಡ್ಡೆಯ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಒಂದೇ ವೈರಸ್ಸಿನ ಸಂತಾನ ಸಿಗುತ್ತದೆ. ಅದಕ್ಕೇ ವೈರಸ್ ಆಮೇಲೆ ಬಂದು ಸೇರಿದ್ದಲ್ಲ, ಶುರುವಿನಿಂದಲೂ ಇತ್ತು ಅಂತ ತಿಳಿಯುವುದು. ಹೊಟ್ಟೆ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂಬತ್ತರಷ್ಟು ಈ ಬಗೆಯವು. ಗಂಡಸರಲ್ಲಿ ಜಾಸ್ತಿ. ಹರಡುವುದು ವೈರಸ್, ಕ್ಯಾನ್ಸರ್ ಅಲ್ಲ.

ಆ ಸಾಲಿನಿಂದ ಒಂದು ಉಪಯೋಗವಿದೆ. ಈ ಬಗೆಯ ಗಡ್ಡೆಗಳಲ್ಲಿ ಕೆಲವಕ್ಕೆ ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಚಿಕಿತ್ಸೆ, ಚೆನ್ನಾಗಿ ಹಿಡಿಯುತ್ತದೆ. ‘ನಮ್ಮ ಅಪ್ಪನಿಗೆ ಅದು ಆಗುತ್ತಾ?’ ಅಂತ ನಿಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳಲೇಬೇಕು. ಸಂಕೋಚ ಬೇಡ. ಕೀಮೋ ದಿನಗಳಲ್ಲಿ ನರ್ಸ್ ಒಂದಿಷ್ಟು ಜಾಗ್ರತೆ ಹೇಳುತ್ತಾರೆ, ಅದನ್ನು ಪಾಲಿಸಿ. ಅದು ಔಷಧಿಯ ಕಾರಣಕ್ಕೆ. ಮಗುವಿಗೆ ನೆಗಡಿಯಿದ್ದರೆ ಆಗ ದೂರ ಇಡಿ, ತಾತನ ರಕ್ಷಣೆಗೆ.

ಇನ್ನೊಬ್ಬರು: ಸರ್, ನನ್ನಣ್ಣನಿಗೂ ಇದೇ ಕ್ಯಾನ್ಸರ್. ನನಗೆ ವರ್ಷಗಳಿಂದ ಗ್ಯಾಸ್ಟ್ರಿಕ್, ದಿನಾ ಮಾತ್ರೆ ನುಂಗುತ್ತೇನೆ. ನಾನೂ ಈ ವೈರಸ್ ಟೆಸ್ಟ್ ಮಾಡಿಸಲಾ?

ಉತ್ತರ: ವೈರಸ್ ಟೆಸ್ಟ್ ಬೇಡ, ಹೆಲಿಕೋಬ್ಯಾಕ್ಟರ್ ಪೈಲೋರಿ ಟೆಸ್ಟ್ ಮಾಡಿಸಿ. ಅದು ಬ್ಯಾಕ್ಟೀರಿಯಾ. ಹೊಟ್ಟೆ ಕ್ಯಾನ್ಸರಿಗೆ ಸೋಂಕಿನಲ್ಲಿ ದೊಡ್ಡ ಕಾರಣ ಅದೇ. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು ಕ್ಯಾನ್ಸರ್‌ಕಾರಕ ಅಂತ ಸಾರಿತು. ವೈರಸ್ಸನ್ನು ಹೊರಗೆ ಹಾಕಲು ಮದ್ದಿಲ್ಲ, ಇದಕ್ಕಿದೆ: ಸಾಮಾನ್ಯವಾಗಿ 14 ದಿನದ ಆಂಟಿಬಯಾಟಿಕ್ ಕೋರ್ಸು. ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಇರುವಾಗ ಇದನ್ನು ಮುಂದೂಡಬಾರದು. ಉಸಿರಿನ ಟೆಸ್ಟೋ ಮಲದ ಟೆಸ್ಟೋ ಸಾಕು. ಆದರೆ ಆ ಗ್ಯಾಸ್ಟ್ರಿಕ್ ಮಾತ್ರೆಯನ್ನು ಡಾಕ್ಟರಿಗೆ ಹೇಳಿ ಎರಡು ವಾರ ಮೊದಲೇ ನಿಲ್ಲಿಸಿ. ಇಲ್ಲದಿದ್ದರೆ ಸೋಂಕಿದ್ದರೂ ರಿಪೋರ್ಟು ನೆಗೆಟಿವ್ ಬರಬಹುದು. ತೂಕ ಇಳಿಯುತ್ತಿದ್ದರೆ, ಮಲ ಕಪ್ಪಗಿದ್ದರೆ ಕಾಯಬೇಡಿ, ಎಂಡೋಸ್ಕೋಪಿಗೇ ಹೋಗಿ.

ಪ್ರಶ್ನೆ ಕೇಳಿದವರು: ಡಾಕ್ಟ್ರೇ, ಅಮ್ಮನಿಗೆ ಓದಿ ಹೇಳಿದೆ. ಮಾತಾಡಲಿಲ್ಲ, ಎದ್ದು ಹೋಗಿ ಅಪ್ಪನ ಲೋಟದಲ್ಲೇ ಕಾಫಿ ಬಗ್ಗಿಸಿಕೊಂಡು ಕುಡಿದರು. ನಾನು, ತಮ್ಮ ಇಬ್ಬರೂ ಪೈಲೋರಿ ಟೆಸ್ಟಿಗೆ ಸೋಮವಾರ ಹೋಗುತ್ತೇವೆ.