ರೈಲು ಹಾದಿಯ ಸೈಕಲ್ ಪ್ರವಾಸ: ಕೊನೆಯ ಹಂತವನ್ನು ಯೋಜಿಸುವುದು ಹೇಗೆ?

ಪ್ರಶ್ನೆ

ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಕಂಬರ್ಲ್ಯಾಂಡ್‌ವರೆಗೆ ಹಳೆಯ ರೈಲು ಮಾರ್ಗದ ಮೇಲೆ ಸಾಗುವ ಗ್ರೇಟ್ ಆಲೆಗೇನಿ ಪ್ಯಾಸೇಜ್ ಹಾದಿಯನ್ನು ಸೈಕಲ್‌ನಲ್ಲಿ ಕ್ರಮಿಸಲು ನಾವು ಕೆಲವು ಸ್ನೇಹಿತರು ಸಿದ್ಧರಾಗುತ್ತಿದ್ದೇವೆ. ನಮ್ಮಲ್ಲಿ ಐವತ್ತು ದಾಟಿದವರೂ ಇದ್ದಾರೆ. ಆರಂಭದ ದಿನಗಳ ಬಗ್ಗೆ ಬೇಕಾದಷ್ಟು ಮಾಹಿತಿ ಸಿಕ್ಕಿದೆ. ಕೊನೆಯ ದಿನ ಎಲ್ಲಿಂದ ಹೊರಡಬೇಕು, ಯಾವುದಕ್ಕೆ ಎಚ್ಚರ ವಹಿಸಬೇಕು, ಸೈಕಲ್ ಸಮೇತ ಹಿಂದಿರುಗುವುದು ಹೇಗೆ ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನನ್ನ ಸಲಹೆಯೆಂದರೆ ಇಡೀ ಪ್ರವಾಸವನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರುವುದು. ಹಾದಿಯ ಒಟ್ಟು ಉದ್ದ 150 ಮೈಲಿ, ಅಂದರೆ ಸುಮಾರು 240 ಕಿ.ಮೀ. ಮೈಲಿಗಲ್ಲುಗಳ ಎಣಿಕೆ ಕಂಬರ್ಲ್ಯಾಂಡ್‌ನಿಂದಲೇ ಆರಂಭವಾಗುವುದರಿಂದ ನಿಮ್ಮ ದಿಕ್ಕಿನಲ್ಲಿ ಅಂಕಿ ಇಳಿಯುತ್ತಾ ಬರುತ್ತದೆ; ಇನ್ನೆಷ್ಟು ಉಳಿದಿದೆ ಎಂದು ಯಾರೂ ಕೂಡಿ ಕಳೆಯಬೇಕಾಗಿಲ್ಲ. ಕೊನೆಯ ರಾತ್ರಿ ಮೇಯರ್ಸ್‌ಡೇಲ್‌ನಲ್ಲಿ ತಂಗುವುದು ಒಳ್ಳೆಯದು. ಅಲ್ಲಿಂದ ಕಂಬರ್ಲ್ಯಾಂಡ್‌ಗೆ ಸುಮಾರು 51 ಕಿ.ಮೀ. ಇದ್ದು, ಮೊದಲ 13 ಕಿ.ಮೀ. ಮಾತ್ರ ಸಣ್ಣ ಏರು, ಉಳಿದದ್ದೆಲ್ಲ ಇಳಿಜಾರು.

ಆ ಏರು ಮುಗಿಯುವ ಜಾಗವೇ 2,392 ಅಡಿ ಎತ್ತರದಲ್ಲಿರುವ ಪೂರ್ವ ಖಂಡ ಜಲವಿಭಾಜಕ. ಇಲ್ಲಿ ಒಂದು ಬದಿಗೆ ಬಿದ್ದ ಮಳೆನೀರು ಚೆಸಪೀಕ್ ಕೊಲ್ಲಿಯ ಕಡೆಗೂ ಇನ್ನೊಂದು ಬದಿಯದು ಮೆಕ್ಸಿಕೋ ಕೊಲ್ಲಿಯ ಕಡೆಗೂ ಹರಿಯುತ್ತದೆ. ಅದನ್ನು ದಾಟಿದ ಸ್ವಲ್ಪ ಹೊತ್ತಿಗೆ ಬಿಗ್ ಸ್ಯಾವೇಜ್ ಸುರಂಗ ಸಿಗುತ್ತದೆ. ಒಂದು ಕಿಲೋಮೀಟರ್ ಉದ್ದದ ಈ ಸುರಂಗದೊಳಗೆ ದೀಪಗಳಿದ್ದರೂ ಬೆಳಕು ಮಂದ. ಹೊರಗಿನ ಬಿಸಿಲಿಗೆ ಒಗ್ಗಿದ ಕಣ್ಣಿಗೆ ಎದುರಿನಿಂದ ನಡೆದು ಬರುವವರು ತಕ್ಷಣ ಕಾಣುವುದಿಲ್ಲವಾದ್ದರಿಂದ ಸೈಕಲ್‌ಗೆ ಸ್ವಂತ ದೀಪ ಇರಲೇಬೇಕು. ಬೇಸಿಗೆಯಲ್ಲೂ ಒಳಗೆ ಚಳಿ. ಬೆವರಿದ ಮೈಯಲ್ಲಿ ಒಳಹೊಕ್ಕು, ಹೊರಬಂದ ಕೂಡಲೇ ಇಳಿಜಾರಿನ ಗಾಳಿಗೆ ಮೈಯೊಡ್ಡುವ ಬದಲು ಸುರಂಗದ ಬಾಯಲ್ಲೇ ಜಾಕೆಟ್ ತೊಟ್ಟುಕೊಳ್ಳಿ. ಚಳಿಗಾಲದಲ್ಲಿ ಸುರಂಗದ ಬಾಗಿಲು ಮುಚ್ಚಿ, ಏಪ್ರಿಲ್ ಹೊತ್ತಿಗೆ ತೆರೆಯುತ್ತಾರೆ. ವಸಂತದ ಆರಂಭದಲ್ಲಿ ಹೊರಡುವ ಯೋಚನೆಯಿದ್ದರೆ ಅದು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಸುರಂಗದ ನಂತರ ಮೇಸನ್-ಡಿಕ್ಸನ್ ಗಡಿರೇಖೆ ದಾಟಿ ಪೆನ್ಸಿಲ್ವೇನಿಯಾದಿಂದ ಮೇರಿಲ್ಯಾಂಡ್‌ಗೆ ಕಾಲಿಡುತ್ತೀರಿ. ಎಲ್ಲರೂ ಅಲ್ಲಿ ಫೋಟೋಗೆಂದು ನಿಲ್ಲುತ್ತಾರೆ. ನೀವೂ ನಿಲ್ಲಿ, ಆದರೆ ಸೈಕಲ್ಲನ್ನು ಹಾದಿಯಿಂದ ಬದಿಗೆ ಸರಿಸಿ, ಏಕೆಂದರೆ ಹಿಂದಿನಿಂದ ಬರುವವರು ಇಳಿಜಾರಿನ ವೇಗದಲ್ಲಿರುತ್ತಾರೆ.

ಉತ್ತರ 2

ಮೇಲಿನ ಉತ್ತರದಲ್ಲಿ ಹೇಳಿದ ಇಳಿಜಾರನ್ನು ಬೆಟ್ಟದ ರಸ್ತೆಯ ಇಳಿಜಾರಿನಂತೆ ಊಹಿಸಿಕೊಳ್ಳಬಾರದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆಯಾದ್ದರಿಂದ ರೈಲು ಮಾರ್ಗವನ್ನು ಕಡಿದಾಗಿ ಕಟ್ಟಲು ಬರುವುದಿಲ್ಲ. ಜಲವಿಭಾಜಕದಿಂದ ಕಂಬರ್ಲ್ಯಾಂಡ್‌ವರೆಗೆ 38 ಕಿ.ಮೀ.ಗಳಲ್ಲಿ ಇಳಿಯುವುದು ಸುಮಾರು 540 ಮೀಟರ್ ಅಷ್ಟೇ. ಪಿಟ್ಸ್‌ಬರ್ಗ್ ಕಡೆಯ ಏರು ಇದಕ್ಕಿಂತಲೂ ನಿಧಾನವಾದದ್ದು; ಕಣ್ಣಿಗೆ ಸಮತಟ್ಟಾಗಿ ಕಾಣುವ ಹಾದಿಯಲ್ಲಿ ವೇಗ ಮಾತ್ರ ಏರುವುದಿಲ್ಲ, ತನ್ನ ಶಕ್ತಿಯೇ ಕುಂದಿತೆಂದು ಸವಾರ ಭಾವಿಸುತ್ತಾನೆ. ನಿಮ್ಮ ಗುಂಪಿನ ಹಿರಿಯರಿಗೆ ಇದನ್ನು ಮುಂಚೆಯೇ ಹೇಳಿಡಿ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಏರಿಳಿತದ ರಸ್ತೆಯಲ್ಲಿ ಏರಿನಲ್ಲಿ ಎದ್ದು ನಿಂತು ತುಳಿಯುತ್ತೇವೆ, ಇಳಿಜಾರಿನಲ್ಲಿ ಪೆಡಲ್ ಬಿಟ್ಟು ಸುಧಾರಿಸಿಕೊಳ್ಳುತ್ತೇವೆ. ಮೈ ತಾನಾಗಿಯೇ ಭಂಗಿ ಬದಲಿಸುತ್ತಿರುತ್ತದೆ. ರೈಲು ಹಾದಿಯಲ್ಲಿ ಆ ಅವಕಾಶವೇ ಇಲ್ಲ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂತು ಒಂದೇ ಲಯದಲ್ಲಿ ತುಳಿಯುವುದರಿಂದ ಕಾಲಿಗಿಂತ ಮೊದಲು ಸೋಲುವುದು ಕುಳಿತ ಜಾಗ ಮತ್ತು ಅಂಗೈ. ಅಂಗೈಯ ಹೊರ ಅಂಚಿನ ನರ ಹ್ಯಾಂಡಲ್‌ಗೆ ಒತ್ತಿಕೊಂಡು ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ, ಮತ್ತು ಬ್ರೇಕ್ ಹೆಚ್ಚು ಬೇಕಾಗುವುದು ನಿಮ್ಮ ಕೊನೆಯ ದಿನವೇ. ಆದ್ದರಿಂದ ಮೊದಲ ದಿನದಿಂದಲೇ ಹತ್ತು ಹದಿನೈದು ನಿಮಿಷಕ್ಕೊಮ್ಮೆ, ನೋವಿರಲಿ ಇಲ್ಲದಿರಲಿ, ಸೀಟಿನಿಂದ ಎದ್ದು ನಾಲ್ಕಾರು ಬಾರಿ ತುಳಿಯುವ, ಕೈ ಇಡುವ ಜಾಗ ಬದಲಿಸುವ ಅಭ್ಯಾಸ ಮಾಡಿಕೊಳ್ಳಿ. ಹೊಸ ಸೀಟು ಹಾಕಿಸಿಕೊಂಡು ಪ್ರವಾಸಕ್ಕೆ ಹೊರಡುವವರನ್ನು ಕಂಡಾಗ ನನಗೆ ಮರುಕವೆನಿಸುತ್ತದೆ.

ಬ್ರೇಕ್ ವಿಷಯ: ಹಾದಿಗೆ ಹಾಸಿರುವುದು ಹೆಚ್ಚಾಗಿ ಸುಣ್ಣಕಲ್ಲಿನ ಪುಡಿ. ಮಳೆ ಬಂದರೆ ಅದು ಕಲಸಿದ ಹಿಟ್ಟಿನಂತಾಗಿ ರಿಮ್ಮಿಗೆ ಮೆತ್ತಿಕೊಂಡು ಬ್ರೇಕ್‌ನ ರಬ್ಬರ್ ಕಟ್ಟೆಗಳನ್ನು ಸವೆಸುತ್ತದೆ. ಮೇಯರ್ಸ್‌ಡೇಲ್‌ನಲ್ಲಿ ರಾತ್ರಿಯೇ ರಿಮ್ ಒರೆಸಿ, ಕಟ್ಟೆ ಎಷ್ಟು ಉಳಿದಿದೆ ಎಂದು ನೋಡಿಬಿಡಿ.

ಉತ್ತರ 3

ಹಿಂದಿರುಗುವುದರ ಬಗ್ಗೆ ಮಾತ್ರ ಹೇಳುತ್ತೇನೆ. ಕಂಬರ್ಲ್ಯಾಂಡ್‌ನಿಂದ ಪಿಟ್ಸ್‌ಬರ್ಗ್‌ಗೆ ಆಮ್‌ಟ್ರ್ಯಾಕ್ ರೈಲು ದಿನಕ್ಕೆ ಒಂದೇ. ಅದು ಸಂಜೆ ಹೊರಟು ನಡುರಾತ್ರಿಯ ಹೊತ್ತಿಗೆ ಪಿಟ್ಸ್‌ಬರ್ಗ್ ತಲುಪುತ್ತದೆ. ಬಹುದೂರದಿಂದ ಬರುವ ಗಾಡಿಯಾದ್ದರಿಂದ ತಡವಾಗುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿದು, ಪಿಟ್ಸ್‌ಬರ್ಗ್‌ನಲ್ಲಿ ಆ ರಾತ್ರಿಯ ತಂಗುದಾಣವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಪ್ರಯಾಣಿಕರ ಟಿಕೆಟ್ ಸಿಕ್ಕಿತೆಂದರೆ ಸೈಕಲ್‌ಗೂ ಜಾಗ ಸಿಕ್ಕಿತೆಂದಲ್ಲ. ಸೈಕಲ್‌ನ ಸ್ಥಳಗಳು ಕೆಲವೇ ಇರುತ್ತವೆ, ಅವನ್ನು ಪ್ರತ್ಯೇಕವಾಗಿ ಕಾಯ್ದಿರಿಸಬೇಕು. ಗುಂಪು ದೊಡ್ಡದಿದ್ದರೆ ಸೈಕಲ್‌ಗಳನ್ನು ಹೊತ್ತೊಯ್ಯುವ ಬಾಡಿಗೆ ವಾಹನವೇ ಮೇಲು. ಆ ವಾಹನದವರೊಂದಿಗೆ ಮಾತಾಡಿದ ನಂತರವೇ ಹೊರಡುವ ದಿನಾಂಕವನ್ನು ನಿಗದಿಪಡಿಸಿ.

ಕಂಬರ್ಲ್ಯಾಂಡ್ ಮುಟ್ಟಿದ ಹುರುಪಿನಲ್ಲಿ ವಾಷಿಂಗ್ಟನ್‌ವರೆಗೂ ಹೋಗಿಬಿಡೋಣ ಎಂದು ಗುಂಪಿನಲ್ಲಿ ಒಬ್ಬರಾದರೂ ಹೇಳುತ್ತಾರೆ. ಅಲ್ಲಿಂದ ಮುಂದಿನದು ರೈಲು ಮಾರ್ಗವಲ್ಲ, ಚೆಸಪೀಕ್ ಮತ್ತು ಓಹಾಯೋ ಕಾಲುವೆಯ ದಡದ ಹಾದಿ. ಇನ್ನೂ 184.5 ಮೈಲಿ ಇದೆ; ಮಳೆ ಬಿದ್ದರೆ ಹಲವೆಡೆ ಕೆಸರು, ಬೇರು. ಅದನ್ನು ಮನೆಯಿಂದ ಹೊರಡುವ ಮುಂಚೆಯೇ ತೀರ್ಮಾನಿಸಿಕೊಳ್ಳಬೇಕು.

ಉತ್ತರ 4

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕಂಬರ್ಲ್ಯಾಂಡ್‌ನಿಂದ ಹೊರಟು ಪಿಟ್ಸ್‌ಬರ್ಗ್‌ನಲ್ಲಿ ಮುಗಿಸುವುದನ್ನೂ ಯೋಚಿಸಿ. ಕಠಿಣವಾದ 38 ಕಿ.ಮೀ. ಏರು ಮೊದಲ ದಿನವೇ, ಕಾಲಿನಲ್ಲಿ ಕಸುವಿರುವಾಗಲೇ ಮುಗಿದುಹೋಗುತ್ತದೆ. ಆಲೆಗೇನಿ ಮತ್ತು ಮೊನೊಂಗಹೀಲಾ ನದಿಗಳು ಕೂಡಿ ಓಹಾಯೋ ನದಿಯಾಗುವ ಪಾಯಿಂಟ್ ಉದ್ಯಾನದಲ್ಲಿ ಹಾದಿ ಕೊನೆಯಾಗುತ್ತದೆ. ಕಾರನ್ನು ಪಿಟ್ಸ್‌ಬರ್ಗ್‌ನಲ್ಲಿ ನಿಲ್ಲಿಸಿ ಮೊದಲೇ ಕಂಬರ್ಲ್ಯಾಂಡ್‌ಗೆ ಹೋಗಿಬಿಟ್ಟರೆ, ಮುಗಿಸಿದ ದಿನ ಯಾವ ಗಾಡಿಗೂ ಕಾಯಬೇಕಾಗಿಲ್ಲ. ದಾರಿಯಲ್ಲಿ ಪಂಕ್ಚರ್ ಆಗಿ ಎರಡು ಗಂಟೆ ತಡವಾದರೂ ಕೆಡುವುದೇನೂ ಇಲ್ಲ. ಆದರೆ ಮೊದಲ ದಿನದ ಏರಿಗೆ ನಿಮ್ಮ ಹಿರಿಯರು ಒಪ್ಪುತ್ತಾರೆಯೇ ಎಂದು ಅವರನ್ನೇ ಕೇಳಬೇಕು. ಒಪ್ಪಿದರೆ ಆ ದಿನದ ಗುರಿಯನ್ನು ಮೇಯರ್ಸ್‌ಡೇಲ್‌ಗೇ ನಿಲ್ಲಿಸಿ, ಭಾರದ ಚೀಲಗಳನ್ನು ಕಿರಿಯರ ಸೈಕಲ್‌ಗೆ ಕಟ್ಟಿ.