‘ವಿದೇಶಿ ಮೂಲ’, ‘ವಂತಿಗೆ’, ‘ನೋಂದಣಿ’: ನಮ್ಮ ಸಂಘದ ಠರಾವಿಗೆ ಯಾವ ಪದ ಸರಿ?

ಎಲ್ಲರಿಗೂ ನಮಸ್ಕಾರ.

ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಒಂದಿಷ್ಟು ಜನ ಸೇರಿ ಸಂಘ ಕಟ್ಟಿಕೊಂಡು ಮಕ್ಕಳ ವಾಚನಾಲಯ ನಡೆಸುತ್ತಿದ್ದೇವೆ. ಕಾರ್ಯದರ್ಶಿಯ ಕೆಲಸ ನನ್ನದು. ಹೊರದೇಶದಲ್ಲಿರುವ ಊರಿನವರು ಕಟ್ಟಡಕ್ಕೆ ಹಣ ಕೊಡಲು ಮುಂದೆ ಬಂದಿದ್ದಾರೆ. ಇಂಥ ಹಣಕ್ಕೆಂದೇ ಕೇಂದ್ರ ಗೃಹ ಸಚಿವಾಲಯ ನೋಡಿಕೊಳ್ಳುವ ಎಫ್‌ಸಿಆರ್‌ಎ (ಫಾರಿನ್ ಕಾಂಟ್ರಿಬ್ಯೂಷನ್ ರೆಗ್ಯುಲೇಷನ್ ಆ್ಯಕ್ಟ್) ಎಂಬ ಕಾಯ್ದೆ ಇದೆ. ಹಣವನ್ನು ಕಾನೂನುಬದ್ಧವಾಗಿ ಪಡೆಯುವುದು ಹೇಗೆ ಎಂದು ಸದಸ್ಯರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಒಂದು ಟಿಪ್ಪಣಿಯನ್ನೂ ಒಂದು ಠರಾವನ್ನೂ ಬರೆಯಬೇಕಿದೆ. ಇಲಾಖೆಯ ಜಾಲತಾಣ, ಅರ್ಜಿ ನಮೂನೆ ಎಲ್ಲ ಇಂಗ್ಲಿಷಿನವು. ನಮ್ಮ ಸಮಿತಿಯ ಅರ್ಧಕ್ಕಿಂತ ಹೆಚ್ಚು ಜನ ಕನ್ನಡ ಮಾತ್ರ ಓದುವವರು. ಸಹಿ ಮಾಡುವವರು, ಆಧಾರ್ ಸಂಖ್ಯೆ ಕೊಡುವವರು, ತಪ್ಪಾದರೆ ಉತ್ತರ ಹೇಳಬೇಕಾದವರು ಅವರೇ. ಅರ್ಥವಾಗದೆ ಸಹಿ ಮಾಡಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ಹೋದ ತಿಂಗಳ ಸಭೆಯಲ್ಲಿ ನನ್ನ ಕರಡಿನ ಮೊದಲ ವಾಕ್ಯ ಓದಿದೆ: “ವಿದೇಶಿ ಮೂಲದಿಂದ ಬರುವ ವಂತಿಗೆಯನ್ನು ನೋಂದಣಿ ಇಲ್ಲದೆ ಸ್ವೀಕರಿಸುವಂತಿಲ್ಲ.” ಪತ್ರಿಕೆಗಳಲ್ಲಿ ಬರುವ ಮಾತುಗಳನ್ನೇ ಜೋಡಿಸಿದ್ದೆ. ಆ ವಾಕ್ಯದ ಮೂರು ಪದಗಳೂ ಸಭೆಯಲ್ಲಿ ಎಡವಿದವು. ಬಲ್ಲವರ ಮುಂದೆ ಮೂರನ್ನೂ ಇಡುತ್ತಿದ್ದೇನೆ.

ಮೊದಲನೆಯದು ‘ವಿದೇಶಿ ಮೂಲ’. ನನ್ನನ್ನು ಹೆಚ್ಚು ಕಾಡಿದ್ದು ಇದೇ. ಕಟ್ಟಡಕ್ಕೆ ದೊಡ್ಡ ಮೊತ್ತ ಕೊಡುತ್ತೇನೆಂದವರು ನಮ್ಮೂರಿನ ಮಾಸ್ತರರ ಮಗ. ನ್ಯೂ ಜೆರ್ಸಿಯಲ್ಲಿದ್ದಾರೆ, ಅಮೆರಿಕದ ಪೌರತ್ವ ಪಡೆದಿದ್ದಾರೆ. ಅವರ ಹಣ ‘ವಿದೇಶಿ ಮೂಲ’ದ್ದಾಗುತ್ತದೆ ಎಂದೆ. ಹಿಂದೆ ಗೋಡೆಗೆ ಒರಗಿ ಕೂತಿದ್ದ ಹಿರಿಯರೊಬ್ಬರು ಕೈಯಲ್ಲಿದ್ದ ಎಲೆಯಡಿಕೆ ಚೀಲ ಕೆಳಗಿಟ್ಟು ಕೇಳಿದರು: “ಅಲ್ಲ ತಮ್ಮಾ, ಅವನ ಮೂಲ ನಮ್ಮೂರು. ಅವರಪ್ಪ ನನಗ ಅಕ್ಷರ ಕಲಿಸ್ಯಾನ. ಅವನ ಮೂಲ ವಿದೇಶ ಹೆಂಗ ಆತು?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕನ್ನಡದ ಮಟ್ಟಿಗೆ ಅವರ ಮಾತೇ ಸರಿ. ‘ಭಾರತೀಯ ಮೂಲದ ಅಮೆರಿಕ ಪ್ರಜೆ’ ಎಂದು ನಾವು ದಿನಾ ಓದುತ್ತೇವೆ. ಅಲ್ಲಿ ‘ಮೂಲ’ ಎಂದರೆ ಹುಟ್ಟು, ಬೇರು, ಮನೆತನ. ಕಾಯ್ದೆಯಲ್ಲಿ ‘ಮೂಲ’ ಎಂದರೆ ಹಣ ಯಾರ ಕೈಯಿಂದ ಹೊರಟಿತು ಎಂಬುದು. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದಗಳಿವೆ. ನಾವು ಎರಡನ್ನೂ ‘ಮೂಲ’ ಎಂದೇ ತಂದುಕೊಂಡಿದ್ದೇವೆ. ಹಾಗಾಗಿ ಮಾಸ್ತರರ ಮಗ ಒಂದೇ ಹೊತ್ತಿಗೆ ‘ಭಾರತೀಯ ಮೂಲ’ದವರೂ ಹೌದು, ‘ವಿದೇಶಿ ಮೂಲ’ವೂ ಹೌದು. ಇದನ್ನು ಕೇಳಿದವರು ಗೊಂದಲಪಟ್ಟರೆ ಅದು ಅವರ ತಪ್ಪಲ್ಲ.

ಅವರ ಹತ್ತಿರ ಇರುವ ಕಾರ್ಡಿನ ಹೆಸರು ಗೊಂದಲವನ್ನು ಇನ್ನಷ್ಟು ಬಿಗಿಮಾಡುತ್ತದೆ. ಭಾರತೀಯ ಮೂಲದ ಪರದೇಶದ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ಓಸಿಐ ಕಾರ್ಡನ್ನು ಕನ್ನಡದಲ್ಲಿ ‘ಸಾಗರೋತ್ತರ ಭಾರತೀಯ ನಾಗರಿಕ’ ಕಾರ್ಡು ಎನ್ನುತ್ತಾರೆ. ಹೆಸರಿನಲ್ಲೇ ‘ನಾಗರಿಕ’ ಇದೆ. ಆದರೆ ಈ ಕಾಯ್ದೆಯ ಲೆಕ್ಕದಲ್ಲಿ ಕಾರ್ಡು ಹಿಡಿದವರು ಬೇರೆ ದೇಶದ ಪ್ರಜೆಗಳೇ. ಅವರು ರಜೆಗೆ ಊರಿಗೆ ಬಂದು, ಇಲ್ಲಿನ ಬ್ಯಾಂಕಿನಿಂದ ರೂಪಾಯಿಯಲ್ಲೇ ತೆಗೆದು ಕೊಟ್ಟರೂ ಅದು ವಿದೇಶಿ ದೇಣಿಗೆಯೇ ಆಗುತ್ತದೆ. ಅತ್ತ ಕುವೈತ್‌ನಲ್ಲಿ ಡ್ರೈವರ್ ಕೆಲಸ ಮಾಡುವ ನಮ್ಮೂರಿನ ಇನ್ನೊಬ್ಬ ಹುಡುಗನ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್. ಅವನು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ಈ ಕಾಯ್ದೆಯ ಅರ್ಥದಲ್ಲಿ ವಿದೇಶಿ ದೇಣಿಗೆಯಲ್ಲ. ಅವನ ಪಾಸ್‌ಪೋರ್ಟಿನ ವಿವರ ಪಡೆದು ಕಡತದಲ್ಲಿಟ್ಟರೆ ಒಳ್ಳೆಯದು, ಅಷ್ಟೆ. ಡಾಲರೋ ದಿನಾರೋ ರೂಪಾಯಿಯೋ ಎಂಬುದಲ್ಲ, ಸಮುದ್ರ ದಾಟಿ ಬಂತೇ ಎಂಬುದೂ ಅಲ್ಲ, ಕೊಟ್ಟವರು ಯಾವ ದೇಶದ ಪ್ರಜೆ ಎಂಬುದೇ ಮುಖ್ಯ.

ಆದ್ದರಿಂದ ‘ವಿದೇಶದ ದೇಣಿಗೆ’, ‘ವಿದೇಶದಿಂದ ಬಂದ ಹಣ’ ಎಂಬ ಮಾತುಗಳೂ ದಾರಿ ತಪ್ಪಿಸುತ್ತವೆ. ಅವು ಜಾಗವನ್ನು ಹೇಳುತ್ತವೆ, ವ್ಯಕ್ತಿಯನ್ನಲ್ಲ. ‘ವಿದೇಶಿ ಮೂಲ’ದ ಬದಲು ‘ವಿದೇಶಿ ದಾನಿ’ ಎಂದರೆ ಹೇಗೆ? ಕಾಯ್ದೆಯ ಪಟ್ಟಿಯಲ್ಲಿ ಪರದೇಶದ ಪ್ರಜೆಗಳ ಜೊತೆಗೆ ಪರದೇಶದ ಸರ್ಕಾರ, ಕಂಪನಿ, ಟ್ರಸ್ಟ್, ಸಂಘಗಳೂ ಇವೆ. ‘ದಾನಿ’ ಎಂದರೆ ಇವೆಲ್ಲವೂ ಒಳಗೆ ಬರುತ್ತವೆ ಎಂದು ನನಗನ್ನಿಸುತ್ತದೆ. ಆದರೆ ಮಾಸ್ತರರ ಮಗನನ್ನು ‘ವಿದೇಶಿ’ ಎನ್ನುವ ನೋವು ಹಾಗೇ ಉಳಿಯುತ್ತದೆ. ‘ಪರದೇಶದ ಪೌರತ್ವ ಇರುವ ದಾನಿ’ ಎಂದು ಬಿಡಿಸಿ ಬರೆದರೆ ಉದ್ದವಾಗುತ್ತದೆ, ಆದರೆ ಯಾರನ್ನೂ ಹೊರಗಟ್ಟಿದಂತೆ ಕೇಳುವುದಿಲ್ಲ. ನನ್ನ ಒಲವು ಅದರ ಕಡೆಗೇ.

ಎರಡನೆಯದು ‘ವಂತಿಗೆ’. ಈ ಕಾಯ್ದೆಯನ್ನು ಪತ್ರಿಕೆಗಳು ಒಮ್ಮೆ ‘ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ’ ಎನ್ನುತ್ತವೆ, ಇನ್ನೊಮ್ಮೆ ‘ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ’ ಎನ್ನುತ್ತವೆ. ನನ್ನ ಕಿವಿಗೆ ಇವೆರಡೂ ಒಂದೇ ಅಲ್ಲ. ವಂತಿಗೆ ಎಂದರೆ ಎಲ್ಲರಿಗೂ ಸೇರಿದ ಕೆಲಸಕ್ಕೆ ಮನೆಮನೆಯ ಪಾಲು. ನಮ್ಮ ಕಡೆ ಜಾತ್ರೆಗೆ ‘ಪಟ್ಟಿ ಎತ್ತುವುದು’ ಎನ್ನುತ್ತೇವಲ್ಲ, ಮೈಸೂರು ಕಡೆಯವರು ‘ಚಂದಾ ಎತ್ತುವುದು’ ಎನ್ನುತ್ತಾರಲ್ಲ, ಅದು. ಅದರಲ್ಲಿ ಕೊಡಲೇಬೇಕೆಂಬ ಒತ್ತಾಯದ ಛಾಯೆಯೂ ಇದೆ. ಶಾಲೆಯ ಸೀಟಿಗೆ ಕೇಳುವ ‘ಡೊನೇಷನ್’ಗೂ ‘ವಂತಿಗೆ’ ಎಂದು ಬರೆಯತೊಡಗಿದ ಮೇಲೆ ಪದಕ್ಕೆ ಒಂದಿಷ್ಟು ಮಸಿಯೂ ಹತ್ತಿದೆ. ದೇಣಿಗೆ ಹಾಗಲ್ಲ, ಮನಸಾರೆ ಕೊಟ್ಟದ್ದು. ಗುಡಿಯ ಫ್ಯಾನಿನ ರೆಕ್ಕೆಯ ಮೇಲೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹೆಸರಿನ ಜೊತೆ ಬರೆಸುವ ಪದ ಅದು.

‘ಕೊಡುಗೆ’ ಎಂದರೆ ಒಳ್ಳೆಯ ಕನ್ನಡವೇ. ಆದರೆ ಸಾಹಿತ್ಯಕ್ಕೆ, ನಾಡಿಗೆ ಕೊಟ್ಟ ‘ಕೊಡುಗೆ’ಯ ಅರ್ಥ ಮುಂದೆ ಬಂದುಬಿಡುತ್ತದೆ, ಸೀರೆ ಅಂಗಡಿಯ ಹಬ್ಬದ ಕೊಡುಗೆಯೂ ನೆನಪಾಗುತ್ತದೆ. ಈ ಕಾಯ್ದೆ ಹಣವನ್ನಷ್ಟೇ ಅಲ್ಲ, ವಸ್ತುವನ್ನೂ ಷೇರು ಬಾಂಡುಗಳಂಥ ಪತ್ರಗಳನ್ನೂ ಒಳಗೊಳ್ಳುತ್ತದೆ. ನ್ಯೂ ಜೆರ್ಸಿಯವರು ನಾಲ್ಕು ಹಳೆಯ ಕಂಪ್ಯೂಟರ್ ಕಳಿಸಿದರೂ ಲೆಕ್ಕಕ್ಕೆ ಬರುತ್ತದೆ. ಬ್ಯಾಂಕಿನಲ್ಲಿಟ್ಟ ವಿದೇಶಿ ದೇಣಿಗೆಗೆ ಹುಟ್ಟಿದ ಬಡ್ಡಿಯೂ ವಿದೇಶಿ ದೇಣಿಗೆಯೇ. ಇಷ್ಟನ್ನೂ ಹೊರಬಲ್ಲ ಪದ ‘ದೇಣಿಗೆ’ ಎಂದು ನಾನು ತೀರ್ಮಾನಿಸಿದ್ದೇನೆ. ‘ವಂತಿಗೆ’ಯೇ ಸರಿ ಎನ್ನುವವರಿದ್ದರೆ ಕಾರಣ ತಿಳಿಸಿ.

ಹೆಸರಿನಲ್ಲಿರುವ ‘ನಿಯಂತ್ರಣ’ದ ಬಗ್ಗೆಯೂ ಒಂದು ಮಾತು. ನಮ್ಮ ಕಾನೂನುಗನ್ನಡದಲ್ಲಿ ‘ವಿನಿಯಮನ’ ಎಂಬ ಪದವಿದೆ, ಇಂಗ್ಲಿಷ್ ಹೆಸರಿನ ‘ರೆಗ್ಯುಲೇಷನ್’ ಅರ್ಥಕ್ಕೆ ಅದು ಹತ್ತಿರ. ಆದರೆ ‘ವಿನಿಯಮನ’ ಎಂದರೆ ಸಭೆಯಲ್ಲಿ ಯಾರಿಗೂ ತಿಳಿಯಲಾರದು. ‘ನಿಯಂತ್ರಣ’ವನ್ನೇ ಉಳಿಸಿಕೊಂಡಿದ್ದೇನೆ.

ಮೂರನೆಯದು ‘ನೋಂದಣಿ’. ಇಲ್ಲಿ ಪದ ಸರಿ ಇದೆ, ಆದರೆ ಒಂದೇ ಪದ ಹಲವು ಕಡೆ ದುಡಿಯುತ್ತಿದೆ. “ಈ ಹಣ ಪಡೆಯಲು ನೋಂದಣಿ ಬೇಕು” ಎಂದಾಗ ನಮ್ಮ ಖಜಾಂಚಿಯವರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಕಟ್ಟು ಹಾಕಿಸಿದ ನೋಂದಣಿ ಪತ್ರ ತೂಗುತ್ತಿತ್ತು. “ಆಗೇದಲ್ಲ?” ಎಂದರು. ಅದು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ ಆದದ್ದು. ಸಂಘ ಹುಟ್ಟಿದೆ ಎಂಬುದಕ್ಕೆ ಸಾಕ್ಷಿ. ಆಮೇಲೆ ಆದಾಯ ತೆರಿಗೆ ವಿನಾಯಿತಿಗಾಗಿ ಮಾಡಿಸುವ, 12ಎ, 80ಜಿ ಎಂದು ಕರೆಯುವ ನೋಂದಣಿಗಳು. ಸ್ವಯಂಸೇವಾ ಸಂಸ್ಥೆಗಳಿಗಾಗಿ ಇರುವ ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ಇನ್ನೊಂದು. ಇದೆಲ್ಲದರ ಮೇಲೆ ಕೇಂದ್ರ ಗೃಹ ಸಚಿವಾಲಯದ ಈ ನೋಂದಣಿ. ಹಿಂದಿನವೆಲ್ಲ ಇದ್ದರೂ ಇದಾಗಲಿ, ಮುಂದೆ ಹೇಳುವ ಪೂರ್ವಾನುಮತಿಯಾಗಲಿ ಇಲ್ಲದೆ ವಿದೇಶಿ ದಾನಿಯ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ.

ಇನ್ನೊಂದು ತೊಡಕಿದೆ. ಕನ್ನಡದಲ್ಲಿ ‘ನೋಂದಾಯಿಸುವುದು’ ಎಂದರೆ ಪುಸ್ತಕದಲ್ಲಿ ಬರೆದಿಡುವುದು. ಜನನ, ಜಮೀನು, ಮದುವೆ. ಒಮ್ಮೆ ಬರೆದದ್ದು ಉಳಿಯಿತು. ವಿದೇಶಿ ದೇಣಿಗೆಯ ಹಳೆಯ 1976ರ ಕಾಯ್ದೆಯಲ್ಲಿ ಈ ನೋಂದಣಿಯೂ ಹಾಗೆಯೇ ಕಾಯಂ ಆಗಿತ್ತು. 2011ರ ಮೇ 1ರಿಂದ ಜಾರಿಗೆ ಬಂದ 2010ರ ಕಾಯ್ದೆ ಅದಕ್ಕೆ 5 ವರ್ಷದ ಗಡುವು ಹಾಕಿತು. ಗಡುವು ಮುಗಿಯುವ ಮೊದಲಿನ ಆರು ತಿಂಗಳಲ್ಲಿ ನವೀಕರಣಕ್ಕೆ ಅರ್ಜಿ ಹಾಕಬೇಕು. ಹೀಗೆ ಅವಧಿ ಮುಗಿಯುವುದನ್ನು, ರದ್ದಾಗಬಹುದಾದ್ದನ್ನು ನಾವು ಆಡುಮಾತಿನಲ್ಲಿ ‘ಪರವಾನಗಿ’ ಎನ್ನುತ್ತೇವೆ, ‘ಲೈಸೆನ್ಸ್’ ಎನ್ನುತ್ತೇವೆ. ಕಾಗದದ ಮೇಲೆ ‘ನೋಂದಣಿ ಪ್ರಮಾಣಪತ್ರ’ ಎಂದಿರುವಾಗ ಠರಾವಿನಲ್ಲಿ ಬೇರೆ ಹೆಸರು ಹಾಕುವಂತಿಲ್ಲ. ‘ವಿದೇಶಿ ದೇಣಿಗೆ ನೋಂದಣಿ’ ಎಂದು ಪ್ರತಿ ಸಲ ಪೂರ್ತಿ ಬರೆದು, ಟಿಪ್ಪಣಿಯಲ್ಲಿ “ಇದು 5 ವರ್ಷದ ಪರವಾನಗಿ ಇದ್ದಂತೆ” ಎಂದು ವಿವರಿಸಿದರೆ ಸಾಕೇ?

ನಮ್ಮಂಥ ಸಣ್ಣ ಸಂಘಕ್ಕೆ ಸದ್ಯಕ್ಕೆ ಅದು ಸಿಗುವಂತೆಯೂ ಇಲ್ಲ. ಸಂಘಕ್ಕೆ ಮೂರು ವರ್ಷ ತುಂಬಿರಬೇಕು. ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ತನ್ನ ಮುಖ್ಯ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನಮ್ಮ ಖರ್ಚು ಅದರ ಹತ್ತಿರಕ್ಕೂ ಇಲ್ಲ. ನಮಗೆ ಉಳಿದಿರುವ ದಾರಿ ‘ಪೂರ್ವಾನುಮತಿ’: ಇಂಥ ದಾನಿಯಿಂದ, ಇಷ್ಟೇ ಮೊತ್ತ, ಇಂಥ ಕೆಲಸಕ್ಕೆ ಎಂದು ದಾನಿಯ ಒಪ್ಪಿಗೆ ಪತ್ರದೊಂದಿಗೆ ಕೇಳುವುದು. ಈ ಪದ ಸಭೆಯಲ್ಲಿ ಎಲ್ಲರಿಗೂ ಅರ್ಥವಾಯಿತು. ಆಮೇಲೆ, 2020ರ ತಿದ್ದುಪಡಿಯ ಪ್ರಕಾರ ಹಣ ಮೊದಲು ಬಂದಿಳಿಯಬೇಕಾದ್ದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಎಂದಾಗ, ಆ ಹಿರಿಯರು ತಲೆ ಅಲ್ಲಾಡಿಸಿ “ದೂರ ಆತು” ಎಂದರು. ಆಡಳಿತ ವೆಚ್ಚಕ್ಕೆ ಶೇ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ, ಬೇರೆ ಸಂಘಕ್ಕೆ ದಾಟಿಸುವಂತಿಲ್ಲ ಎಂಬ ಎರಡು ಷರತ್ತು ಹೇಳಲು ಪದದ ತೊಂದರೆ ಆಗಲಿಲ್ಲ. ಎರಡನೆಯದಕ್ಕೆ ‘ವರ್ಗಾವಣೆ’ ಎಂದು ಬರೆದಿದ್ದೆ. ಮಾಸ್ತರರ ವರ್ಗಾವಣೆಯಂತೆ ಕೇಳಿತು. ‘ದಾಟಿಸುವುದು’ ಎಂದು ತಿದ್ದಿದೆ.

ತಿದ್ದಿದ ವಾಕ್ಯ ಈಗ ಹೀಗಿದೆ: “ಪರದೇಶದ ಪೌರತ್ವ ಇರುವ ವ್ಯಕ್ತಿಯಿಂದಾಗಲಿ, ಪರದೇಶದ ಸಂಸ್ಥೆಯಿಂದಾಗಲಿ ಯಾವುದೇ ದೇಣಿಗೆಯನ್ನು, ಅದು ರೂಪಾಯಿಯಲ್ಲಿದ್ದರೂ ವಸ್ತುವಾಗಿದ್ದರೂ, ಕೇಂದ್ರ ಗೃಹ ಸಚಿವಾಲಯದ ವಿದೇಶಿ ದೇಣಿಗೆ ನೋಂದಣಿ ಅಥವಾ ಪೂರ್ವಾನುಮತಿ ಸಿಗುವ ತನಕ ಸಂಘವು ಪಡೆಯತಕ್ಕದ್ದಲ್ಲ.” ಇದರಲ್ಲಿ ‘ಪೌರತ್ವ’ ಇರಲೋ, ‘ಪ್ರಜೆ’ ಎಂದೇ ಬರೆಯಲೋ? ‘ವಿದೇಶಿ ಮೂಲ’ಕ್ಕೆ ಇದಕ್ಕಿಂತ ಚಿಕ್ಕದಾದ, ಊರಿನವರ ಮನಸ್ಸು ನೋಯಿಸದ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ. ಮುಂದಿನ ಭಾನುವಾರ ಸಭೆ ಇದೆ. ನಡಾವಳಿ ಪುಸ್ತಕದಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.