ಎ320 ಆಡ್-ಆನ್‌ಗೆ ಜಾಯ್‌ಸ್ಟಿಕ್ ಬಟನ್ ಹೊಂದಿಸಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರಲ್ಲಿ ಇಷ್ಟು ದಿನ ಸೆಸ್ನಾ 172 ಹಾರಿಸುತ್ತಿದ್ದೆ. ಫ್ಲಾಪ್, ಟ್ರಿಮ್, ಬ್ರೇಕ್ ಎಲ್ಲಾ ಜಾಯ್‌ಸ್ಟಿಕ್ ಬಟನ್‌ಗಳಲ್ಲೇ ಇತ್ತು, ಯಾವ ತೊಂದರೆಯೂ ಇರಲಿಲ್ಲ. ಹೋದ ವಾರ ಒಂದು ಏರ್‌ಬಸ್ ಎ320 ಆಡ್-ಆನ್ (ಸಿಮ್ಯುಲೇಟರ್‌ಗೆ ಬೇರೆಯಾಗಿ ಸೇರಿಸುವ ವಿಮಾನ) ಹಾಕಿಕೊಂಡೆ. ಅಲ್ಲಿಂದ ಒದ್ದಾಟ ಶುರುವಾಗಿದೆ.

ಜಾಸ್ತಿ ಕಾಡುತ್ತಿರುವುದು ಹಾರುವ ಎತ್ತರವನ್ನು ಹೊಂದಿಸುವ ನಾಬ್. ಏರ್‌ಬಸ್‌ನಲ್ಲಿ ಅದನ್ನು ಒತ್ತಿದರೆ ಮ್ಯಾನೇಜ್ಡ್ (ವಿಮಾನದ ಕಂಪ್ಯೂಟರ್‌ನ ಯೋಜನೆಯಂತೆ), ಎಳೆದರೆ ಸೆಲೆಕ್ಟೆಡ್ (ಪೈಲಟ್ ಆರಿಸಿದಂತೆ) ಅಲ್ವಾ? ತಿರುಗಿಸುವುದಕ್ಕೆ ಕೊಟ್ಟ ಬಟನ್ ಸರಿಯಾಗಿದೆ, ಅಂಕಿ ಬದಲಾಗುತ್ತದೆ. ಒತ್ತುವುದಕ್ಕೆ, ಎಳೆಯುವುದಕ್ಕೆ ಕೊಟ್ಟ ಬಟನ್‌ಗಳಿಂದ ಮಾತ್ರ ಏನೂ ಆಗುವುದಿಲ್ಲ. ಅದೇ ಕೆಲಸ ಮೌಸ್‌ನಲ್ಲಿ ಮಾಡಿದರೆ ಆಗುತ್ತದೆ! ಹಾಗಾಗಿ ಈ ವಿಮಾನ ಸಿಮ್ಯುಲೇಟರ್‌ನ ಸಾಮಾನ್ಯ ಕಮಾಂಡ್ ಬಿಟ್ಟು ತನ್ನದೇ ಎಲ್-ವೇರಿಯಬಲ್ (ಆಡ್-ಆನ್ ತನ್ನೊಳಗೆ ಇಟ್ಟುಕೊಳ್ಳುವ ಮೌಲ್ಯ) ಬಳಸುತ್ತಿದೆ ಅಂತ ನನ್ನ ಅಂದಾಜು. ಬೇರೆ ಬಟನ್‌ಗಳನ್ನೂ ಬದಲಿಸಿ ನೋಡಿದೆ, ಹಾಗೇ ಇದೆ.

ಬಟನ್‌ಗಳನ್ನು ಸಿಮ್ಯುಲೇಟರ್‌ಗೆ ಜೋಡಿಸುವ ಸಾಫ್ಟ್‌ವೇರ್‌ಗಳಲ್ಲಿ ಇದಕ್ಕೆ ಮೊಬಿಫ್ಲೈಟ್ ಒಳ್ಳೆಯದೋ, ಎಫ್‌ಎಸ್‌ಯುಐಪಿಸಿ ಒಳ್ಳೆಯದೋ? ಬಳಸಿದವರು ಒಂದೇ ಒಂದು ಬಟನ್ ಹೊಂದಿಸುವುದನ್ನು ಮೊದಲಿನಿಂದ ಹೇಳಿಕೊಡಿ. ಉಳಿದದ್ದನ್ನು ನಾನೇ ಮಾಡಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ನನ್ನ ಜಾಯ್‌ಸ್ಟಿಕ್‌ನಲ್ಲಿ ಥ್ರಾಟಲ್‌ಗೆ (ಎಂಜಿನ್ ಶಕ್ತಿ ಹೊಂದಿಸಲು) ಇರುವುದು ಚಿಕ್ಕ ಸ್ಲೈಡರ್, ಆಯಾ ಜಾಗದಲ್ಲಿ ಹಿಡಿದು ನಿಲ್ಲಿಸುವ ಗೇಟ್‌ಗಳಿಲ್ಲ. ಟೇಕಾಫ್ ಆದಮೇಲೆ ಕ್ಲೈಂಬ್ ಜಾಗಕ್ಕೆ ತರಲು ಹೋದರೆ ಸ್ವಲ್ಪ ಮುಂದೆಯೋ ಹಿಂದೆಯೋ ನಿಲ್ಲುತ್ತದೆ. ಪರದೆಯಲ್ಲಿ 'ಎಲ್‌ವಿಆರ್ ಸಿಎಲ್‌ಬಿ' (ಲಿವರ್ ಅನ್ನು ಕ್ಲೈಂಬ್ ಜಾಗಕ್ಕೆ ತನ್ನಿ ಎಂಬ ಸೂಚನೆ) ಮಿನುಗುತ್ತಲೇ ಇರುತ್ತದೆ. ಇಂಥ ಸ್ಲೈಡರ್ ಇರುವವರು ಕ್ಯಾಲಿಬ್ರೇಷನ್‌ನಲ್ಲಿ ಆ ಜಾಗಕ್ಕೆ ಡೆಡ್‌ಬ್ಯಾಂಡ್ (ಸ್ಲೈಡರ್ ಸ್ವಲ್ಪ ಆಚೀಚೆ ಆದರೂ ಅದೇ ಜಾಗವೆಂದು ಲೆಕ್ಕಿಸುವ ಅಂತರ) ಎಷ್ಟು ಇಟ್ಟಿದ್ದೀರಿ? ನಿಮ್ಮ ಸೆಟ್ಟಿಂಗ್‌ನ ಫೋಟೋ ಹಾಕಿದರೆ ತುಂಬಾ ಉಪಕಾರವಾಗುತ್ತದೆ.